ಆ ಚಳಿಗೆ ಹೊದಿಕೆ ಸಾಲದು

ಗರ್ಭ ಹೋದ ವಾರದಲ್ಲಿ ಬಂದ ಜ್ವರವನ್ನು ಮಳೆಗಾಲದ ಲೆಕ್ಕಕ್ಕೆ ಬರೆದುಬಿಡಬೇಡಿ. ಯಾವ ಆ್ಯಂಟಿಬಯಾಟಿಕ್ ಎನ್ನುವುದಕ್ಕಿಂತ ಯಾವಾಗ ಶುರು, ಎಷ್ಟು ಗಂಟೆಗೊಮ್ಮೆ, ಎಲ್ಲಿಯವರೆಗೆ ಎನ್ನುವುದರಲ್ಲೇ ಇಲ್ಲಿ ಜೀವ ನಿಂತಿದೆ.

2012ರ ಅಕ್ಟೋಬರ್ 24, ಬುಧವಾರ. ಐರ್ಲೆಂಡಿನ ಗಾಲ್ವೆ ಯೂನಿವರ್ಸಿಟಿ ಆಸ್ಪತ್ರೆ. ಬೆಳಗಿನ ಜಾವ ನಾಲ್ಕೂಕಾಲು. ಹಾಸಿಗೆಯಲ್ಲಿದ್ದ 31ರ ಹೆಣ್ಣುಮಗಳು ಗಡಗಡ ನಡುಗುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದವು. ಕೋಣೆ ತಣ್ಣಗಿತ್ತು. ಥರ್ಮಾಮೀಟರ್ 37.7 ಡಿಗ್ರಿ ತೋರಿಸಿತು. ಅಷ್ಟೇನೂ ಜ್ವರವಲ್ಲ. ನರ್ಸ್ ಹೊದಿಕೆ ಹೊದಿಸಿ ಪ್ಯಾರಸಿಟಮಾಲ್ ಕೊಟ್ಟು ಹೋದರು.

ಆರೂವರೆಗೆ ಮತ್ತೆ ನೋಡಿದಾಗ ಜ್ವರ 39.6. ನಾಡಿ 160. ರಕ್ತದೊತ್ತಡ ಕುಸಿಯುತ್ತಿತ್ತು. ಸ್ರಾವಕ್ಕೆ ದುರ್ವಾಸನೆ ಹುಟ್ಟಿತ್ತು.

ಅವರು ಸವಿತಾ ಹಾಲಪ್ಪನವರ್. ಬೆಳಗಾವಿಯ ಮಗಳು, ದಂತವೈದ್ಯೆ. ಹದಿನೇಳು ವಾರದ ಬಸುರಿ. ಭಾನುವಾರ ಬೆನ್ನುನೋವೆಂದು ಆಸ್ಪತ್ರೆಗೆ ಬಂದವರು. ಅದೇ ನಡುರಾತ್ರಿ ನೀರು ಒಡೆದಿತ್ತು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೇಗ ಮುಗಿಸಿಬಿಡಿ ಎಂದು ಅವರು ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಈ ದೇಶದ ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ಬುಧವಾರ ಮಧ್ಯಾಹ್ನ ಗರ್ಭ ತಾನಾಗಿ ಇಳಿಯಿತು. ಅಷ್ಟು ಹೊತ್ತಿಗೆ ನಂಜು ರಕ್ತಕ್ಕೆ ಏರಿತ್ತು. ಅಕ್ಟೋಬರ್ 28ರ ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ ಅವರು ತೀರಿಕೊಂಡರು.

ಮುಂದಿನ ಕಥೆ ಜಗತ್ತಿಗೆ ಗೊತ್ತು. ಡಬ್ಲಿನ್ ಬೀದಿಗಳಲ್ಲಿ ಮೇಣದ ಬತ್ತಿಗಳು ಹೊತ್ತಿದವು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4 ಮಂದಿ ಗರ್ಭಪಾತಕ್ಕೆ ಅಡ್ಡವಾಗಿದ್ದ ಹಳೆಯ ಕಟ್ಟಳೆಯನ್ನು ಸಂವಿಧಾನದಿಂದ ಕಿತ್ತುಹಾಕಿದರು. ಕಾನೂನಿನ ಗದ್ದಲದಲ್ಲಿ ಇನ್ನೊಂದು ಕಾಗದ ಮರೆಗೆ ಸರಿಯಿತು. ಅದು ಸವಿತಾ ಅವರ ಹಾಸಿಗೆಯ ಚಾರ್ಟ್. ಅದರಲ್ಲಿ ಗಂಟೆಗಳಿವೆ.

ಭಾನುವಾರವೇ ತೆಗೆದ ರಕ್ತದಲ್ಲಿ ಬಿಳಿರಕ್ತಕಣ ಏರಿತ್ತು. ಆ ವರದಿಯನ್ನು ಹೊತ್ತಿಗೆ ಸರಿಯಾಗಿ ಯಾರೂ ಗಮನಿಸಲಿಲ್ಲ. ಸೋಮವಾರ ರಾತ್ರಿ ಎರಿಥ್ರೊಮೈಸಿನ್ ಮಾತ್ರೆ ಶುರುವಾಯಿತು. ಬುಧವಾರ ಬೆಳಿಗ್ಗೆ ಕೊ-ಅಮಾಕ್ಸಿಕ್ಲಾವ್ ಇಂಜೆಕ್ಷನ್. ಅದೇ ಮಧ್ಯಾಹ್ನ ಪೈಪೆರಾಸಿಲಿನ್-ಟಾಜೊಬ್ಯಾಕ್ಟಮ್ ಮತ್ತು ಜೆಂಟಾಮೈಸಿನ್. ರಕ್ತದಲ್ಲಿ ಸಿಕ್ಕ ಇ. ಕೋಲಿ ಹಲವು ಔಷಧಿಗಳಿಗೆ ಜಗ್ಗದ ಜಾತಿಯದು. ಬೆಳಗಿನ ಔಷಧಿ ಅದಕ್ಕೆ ನಾಟುತ್ತಿರಲಿಲ್ಲ. ನಾಲ್ಕು ಗಂಟೆಗೊಮ್ಮೆ ಆಗಬೇಕಿದ್ದ ನಾಡಿ, ಜ್ವರದ ತಪಾಸಣೆ ನಡುನಡುವೆ ತಪ್ಪಿತ್ತು. ಐರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರಲ್ಲಿ ಲೆಕ್ಕ ಹಾಕಿ ಹೇಳಿತು: ಉಳಿಸಿಕೊಳ್ಳಬಹುದಾಗಿದ್ದ 13 ಅವಕಾಶಗಳು ಕೈತಪ್ಪಿವೆ.

ಗಾಲ್ವೆ ದೂರವಿರಬಹುದು. ಆ ಹೊದಿಕೆ, ಆ ಪ್ಯಾರಸಿಟಮಾಲ್ ದೂರವಿಲ್ಲ.

ನಮ್ಮ ಠಾಣೆ ಜಿಲ್ಲೆಯಲ್ಲಿ ಅಕ್ಟೋಬರ್ ಎಂದರೆ ಮಳೆ ಹಿಂದೆ ಸರಿದರೂ ಜ್ವರ ಸರಿಯದ ತಿಂಗಳು. ಡೆಂಗಿ, ಮಲೇರಿಯಾ, ಲೆಪ್ಟೊ, ಟೈಫಾಯಿಡ್ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಡೊಂಬಿವಲಿ ಪೂರ್ವದ ಸ್ಟೇಷನ್ ಹೊರಗಿನ ಯಾವುದೇ ಮೆಡಿಕಲ್ ಎದುರು ರಾತ್ರಿ ಎಂಟೂವರೆಗೆ ನಿಂತು ನೋಡಿ. ಲೋಕಲ್ ಇಳಿದವರು ಒಬ್ಬರ ಹೆಗಲ ಮೇಲಿಂದ ಒಬ್ಬರು ಕೈಚಾಚಿ ಮಾತ್ರೆ ಕೇಳುತ್ತಿರುತ್ತಾರೆ. "ಮನೆಯವರಿಗೆ ಜ್ವರ, ಚಳಿ ಬರ್ತಿದೆ, ಏನಾದ್ರೂ ಕೊಡಿ." ಕೌಂಟರಿನ ಹುಡುಗ ಒಂದು ಸ್ಟ್ರಿಪ್ ಹರಿದು, ನಾಲ್ಕು ಮಾತ್ರೆ ಲೆಕ್ಕ ಮಾಡಿ, ಪೊಟ್ಟಣ ಕಟ್ಟುತ್ತಾನೆ. ಆ ಮನೆಯವರಿಗೆ ಹೋದ ವಾರ ಏನಾಗಿತ್ತು ಎಂದು ಅವನು ಕೇಳುವುದಿಲ್ಲ, ಇವರು ಹೇಳುವುದೂ ಇಲ್ಲ. ಅಷ್ಟು ಜನರ ನಡುವೆ ಹೇಳುವ ಮಾತೇ ಅದು?

ನವಿ ಮುಂಬಯಿಯಲ್ಲಿ ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಹೆಣ್ಣುಮಗಳಿಗಂತೂ ಹೇಳಬೇಕೆಂದರೂ ಭಾಷೆ ಇಲ್ಲ. ನರ್ಸ್ ಮರಾಠಿ, ಡಾಕ್ಟರು ಹಿಂದಿ. ಗಂಡನಿಗೆ ಬರುವ ಹಿಂದಿಯಲ್ಲಿ 'ಬುಖಾರ್' ಇದೆ, ಹೆಂಡತಿಯ ಗರ್ಭ ಹೋದ ಮಾತು ಇಲ್ಲ.

▌ಕಾಯಬಾರದ ಲಕ್ಷಣಗಳು

ಗರ್ಭ ಹೋದ ಮೇಲೆ, ಅದು ತಾನಾಗಿ ಇಳಿದಿರಲಿ, ಮಾತ್ರೆಯಿಂದ ಆಗಿರಲಿ, ಕ್ಲೀನ್ ಮಾಡಿಸಿರಲಿ, ಇವುಗಳಲ್ಲಿ ಒಂದು ಕಂಡರೂ ಅದೇ ಹೊತ್ತು ಆಸ್ಪತ್ರೆಗೆ ಹೊರಡಿ:
38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದ ಜ್ವರ, ನಡುಕ. ದುರ್ವಾಸನೆಯ ಸ್ರಾವ. ದಿನದಿಂದ ದಿನಕ್ಕೆ ಏರುವ ಕೆಳಹೊಟ್ಟೆ ನೋವು. ಗಂಟೆಗೆ ಎರಡು ದೊಡ್ಡ ಪ್ಯಾಡ್‌ನಂತೆ ಎರಡು ಗಂಟೆ ನಿಲ್ಲದ ರಕ್ತ. ಎದೆ ಡವಡವ, ಏದುಸಿರು, ಮೂತ್ರ ಕಡಿಮೆಯಾಗುವುದು, ಮಾತು ತೊದಲುವುದು, ಮಂಕು ಕವಿಯುವುದು.
ಜ್ವರವೇ ಇಲ್ಲದೆ ಮೈ ತಣ್ಣಗಾಗಿ ನಾಡಿ ಓಡುತ್ತಿದ್ದರೆ ಅದು ಇನ್ನೂ ಅಪಾಯ.
ಮಿಸೊಪ್ರೊಸ್ಟಾಲ್ ಮಾತ್ರೆ ತೆಗೆದುಕೊಂಡ ಕೆಲವು ಗಂಟೆ ಚಳಿ, ಜ್ವರ ಬರುವುದುಂಟು. ಒಂದು ದಿನ ಕಳೆದೂ ಇಳಿಯದಿದ್ದರೆ ಅದನ್ನು ಮಾತ್ರೆಯ ತಲೆಗೆ ಕಟ್ಟಬೇಡಿ.

ಬಹುಪಾಲು ಗರ್ಭಪಾತಗಳು ಸೋಂಕಿಲ್ಲದೆ ಮುಗಿಯುತ್ತವೆ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಇಂಥ ಲೇಖನ ಓದಿ ಹೆದರುವವರೇ ಹೆಚ್ಚು. ತೊಂದರೆ ಶುರುವಾಗುವುದು ಹೆಚ್ಚಾಗಿ ಗರ್ಭಕೋಶದೊಳಗೆ ಏನಾದರೂ ಉಳಿದುಕೊಂಡಾಗ, ಇಲ್ಲವೇ ಶುಚಿಯಿಲ್ಲದ ಕೈ, ಉಪಕರಣ ಒಳಗೆ ಹೋದಾಗ. ಉಳಿದ ತುಣುಕಿಗೆ ರಕ್ತದ ಓಡಾಟವಿಲ್ಲ. ರಕ್ತ ಹೋಗದ ಕಡೆ ರಕ್ತದಲ್ಲಿ ಸಾಗುವ ಔಷಧಿಯೂ ಹೋಗುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಸುಖದ ಜಾಗ ಬೇರೆ ಬೇಕೆ?

ಹಾಗಾಗಿ ಚಿಕಿತ್ಸೆಗೆ ಎರಡು ಕಾಲು. ಆ್ಯಂಟಿಬಯಾಟಿಕ್ ಒಂದು, ಉಳಿದದ್ದನ್ನು ಹೊರತೆಗೆಯುವುದು ಇನ್ನೊಂದು. ಈಗ ಅದಕ್ಕೆ ಹೀರುವ ಉಪಕರಣವೇ ಸಾಕು. ಹಳೆಯ ಚೂಪು ಕ್ಯೂರೆಟ್‌ನಿಂದ ಕೆರೆಯುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎಷ್ಟೇ ದುಬಾರಿ ಔಷಧಿ ಕೊಟ್ಟರೂ ಒಳಗಿನದು ಒಳಗೇ ಇದ್ದರೆ ಜ್ವರ ಮತ್ತೆ ಮರಳುತ್ತದೆ.

ಇನ್ನು ಔಷಧಿಯ ವೇಳಾಪಟ್ಟಿ. ಅದರ ಇತಿಹಾಸದ ಮೊದಲ ಪುಟಗಳಲ್ಲೇ ಗರ್ಭ ಕಳೆದುಕೊಂಡ ಹೆಣ್ಣೊಬ್ಬಳಿದ್ದಾಳೆ.

1942ರ ಮಾರ್ಚ್. ಅಮೆರಿಕದ ನ್ಯೂ ಹೇವನ್ ಆಸ್ಪತ್ರೆಯಲ್ಲಿ ಆ್ಯನ್ ಮಿಲ್ಲರ್ ಎಂಬ 33ರ ಹೆಂಗಸು ಸಾಯುತ್ತಾ ಮಲಗಿದ್ದರು. ಗರ್ಭಪಾತದ ನಂತರ ಸ್ಟ್ರೆಪ್ಟೊಕಾಕಸ್ ರಕ್ತಕ್ಕಿಳಿದಿತ್ತು. ಸಲ್ಫಾ ಔಷಧಿ, ರಕ್ತ ಕೊಡುವುದು, ಶಸ್ತ್ರಚಿಕಿತ್ಸೆ ಎಲ್ಲ ಮುಗಿದಿತ್ತು. ತಿಂಗಳಾದರೂ ಜ್ವರ ಇಳಿಯಲಿಲ್ಲ. ಅವರ ವೈದ್ಯರು ಹೇಗೋ ವಶೀಲಿ ಹಚ್ಚಿ ಮರ್ಕ್ ಕಂಪನಿಯಿಂದ ಐದೂವರೆ ಗ್ರಾಂ ಪೆನಿಸಿಲಿನ್ ತರಿಸಿದರು. ಇಡೀ ಅಮೆರಿಕದಲ್ಲಿದ್ದ ದಾಸ್ತಾನಿನ ಅರ್ಧ ಅದು. ಮಾರ್ಚ್ 14ರ ಶನಿವಾರ ಮಧ್ಯಾಹ್ನ ಮೊದಲ ಸೂಜಿ. ಎಷ್ಟು ಕೊಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಹೆದರಿ ಹೆದರಿ ಚೂರು ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಆಮೇಲೆ ನಾಲ್ಕು ಗಂಟೆಗೊಮ್ಮೆ. ಮರುದಿನ ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು.

ಆಕೆಯ ಜ್ವರದ ಚಾರ್ಟ್ ಇವತ್ತು ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಬೇರೆ. ಆಕೆಯ ಮೂತ್ರವನ್ನು ಪಾತ್ರೆಯಲ್ಲಿ ಹಿಡಿದಿಟ್ಟು ಮರ್ಕ್‌ಗೆ ವಾಪಸು ಕಳಿಸಿದರು. ಅದರಲ್ಲಿದ್ದ ಪೆನಿಸಿಲಿನ್ನನ್ನು ಮತ್ತೆ ಸೋಸಿ ತೆಗೆಯಲು. ಮೂತ್ರಪಿಂಡ ಈ ಔಷಧಿಯನ್ನು ಅಷ್ಟು ಬೇಗ ಹೊರದೂಡುತ್ತಿತ್ತು. ಅರ್ಧದಿಂದ ಒಂದು ಗಂಟೆಯೊಳಗೆ ರಕ್ತದಲ್ಲಿದ್ದದ್ದು ಅರ್ಧಕ್ಕಿಳಿಯುತ್ತದೆ. ಮತ್ತೆ ಮತ್ತೆ ಕೊಡದೆ ವಿಧಿಯಿರಲಿಲ್ಲ. ಆ್ಯನ್ ಮಿಲ್ಲರ್ 90 ವರ್ಷ ಬದುಕಿ 1999ರಲ್ಲಿ ತೀರಿಕೊಂಡರು.

ಪೆನಿಸಿಲಿನ್ ಕುಟುಂಬದ ಔಷಧಿಗಳ ಗುಣವೇ ಅದು. ಒಮ್ಮೆಲೇ ರಾಶಿ ಸುರಿದರೆ ಲಾಭವಿಲ್ಲ. ಬ್ಯಾಕ್ಟೀರಿಯಾವನ್ನು ತಡೆಯುವ ಮಟ್ಟಕ್ಕಿಂತ ಮೇಲೆ ದಿನದ ಹೆಚ್ಚು ಹೊತ್ತು ನಿಂತಿರಬೇಕು. ಆಂಪಿಸಿಲಿನ್ ಆರು ಗಂಟೆಗೊಮ್ಮೆ ಎನ್ನುವುದು ಅದಕ್ಕೇ.

ಜೆಂಟಾಮೈಸಿನ್‌ನದು ತಿರುಗುಮುರುಗು ಲೆಕ್ಕ. ಅದು ಕೊಲ್ಲುವುದು ಏರಿದ ಎತ್ತರದಿಂದ. ಒಮ್ಮೆ ಜೋರಾಗಿ ಏರಿ ಇಳಿದ ಮೇಲೂ ಬ್ಯಾಕ್ಟೀರಿಯಾ ಕೆಲವು ಗಂಟೆ ತಲೆ ಎತ್ತುವುದಿಲ್ಲ. ಹಿಂದೆಲ್ಲ 80 ಮಿಲಿಗ್ರಾಂನ ಒಂದು ವಯಲ್ ಎಂಟು ಗಂಟೆಗೊಮ್ಮೆ, ದಿನಕ್ಕೆ 240. ಈಗ ಕೆ.ಜಿ. ತೂಕಕ್ಕೆ 5 ಮಿಲಿಗ್ರಾಂನಂತೆ ದಿನಕ್ಕೊಮ್ಮೆ. 50 ಕೆ.ಜಿ. ಹೆಂಗಸಿಗೆ 250. ಒಟ್ಟು ಔಷಧಿ ಹೆಚ್ಚುಕಡಿಮೆ ಅಷ್ಟೇ, ಬದಲಾದದ್ದು ಗಡಿಯಾರ ಮಾತ್ರ. ದಿನಕ್ಕೊಮ್ಮೆ ಕೊಟ್ಟರೆ ಫಲ ತಗ್ಗುವುದಿಲ್ಲ ಎಂದು ಬಾಣಂತಿಯರ ಗರ್ಭಕೋಶ ಸೋಂಕಿನ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಮೂತ್ರಪಿಂಡಕ್ಕೆ ಬಿಡುವು ಸಿಗುತ್ತದೆ. ಒಬ್ಬಳೇ ನರ್ಸ್ ಮೂವತ್ತು ಹಾಸಿಗೆ ನೋಡುವ ವಾರ್ಡಿನಲ್ಲಿ ಎರಡು ಸೂಜಿ ಕಡಿಮೆಯಾಗುವುದೂ ಸಣ್ಣ ಸಂಗತಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಹೊರತಂದ ಪ್ರಸೂತಿ ತೊಡಕುಗಳ ಕೈಪಿಡಿಯಲ್ಲಿ ಗರ್ಭಪಾತದ ನಂಜಿಗೆ ಹೇಳಿದ ಜೋಡಣೆ ಹೀಗಿದೆ: ಆಂಪಿಸಿಲಿನ್ 2 ಗ್ರಾಂ ಆರು ಗಂಟೆಗೊಮ್ಮೆ, ಜೆಂಟಾಮೈಸಿನ್ ದಿನಕ್ಕೊಮ್ಮೆ, ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಎಂಟು ಗಂಟೆಗೊಮ್ಮೆ. ಮೂರೂ ರಕ್ತನಾಳದ ಮೂಲಕ. ಜ್ವರ ಬಿಟ್ಟು 48 ಗಂಟೆ ಆಗುವವರೆಗೆ. 24 ಗಂಟೆಯಲ್ಲಿ ಎಂಟು ಬಾರಿ ಔಷಧಿ. ಒಂದು ಗ್ರಾಂ ಪಾಸಿಟಿವ್ ಜಾತಿಗೆ, ಒಂದು ಇ. ಕೋಲಿ ತರಹದವಕ್ಕೆ, ಒಂದು ಗಾಳಿಯಿಲ್ಲದೆ ಬದುಕುವವಕ್ಕೆ. ಗರ್ಭಕೋಶದ ಸೋಂಕಿನಲ್ಲಿ ಮೂರೂ ಕಲೆತಿರುತ್ತವೆ.

ಈ ಎಂಟರಲ್ಲಿ ತಪ್ಪುವುದು ಯಾವುದು ಎಂದು ವಾರ್ಡಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ನಡುರಾತ್ರಿಯದು.

ಹಾಗಾದರೆ ಈ ಜೋಡಣೆಯೇ ಉತ್ತಮವೆಂದು ಸಾಬೀತಾಗಿದೆಯೇ? ಇಲ್ಲ. ಇಲ್ಲಿ ವೈದ್ಯವಿಜ್ಞಾನದ ಮುಖಕ್ಕೆ ಒಂದಿಷ್ಟು ನಾಚಿಕೆ ಬರಬೇಕು. ಗರ್ಭಪಾತದ ನಂಜಿಗೆ ಯಾವ ಆ್ಯಂಟಿಬಯಾಟಿಕ್ ಮೇಲು ಎಂದು ಜಗತ್ತಿನ ಪ್ರಯೋಗಗಳನ್ನೆಲ್ಲ ಜಾಲಾಡಿದ ಕಾಕ್ರೇನ್ ವಿಮರ್ಶೆ 2016ರಲ್ಲಿ ಬಂತು. ಅವರ ಜರಡಿಯಲ್ಲಿ ಉಳಿದದ್ದು ಮೂರೇ ಮೂರು ಪ್ರಯೋಗ, ಒಟ್ಟು 233 ಹೆಂಗಸರು. ಮೂರೂ ಮೂವತ್ತು ವರ್ಷಕ್ಕಿಂತ ಹಳೆಯವು. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲಿನ ಒಂದು ಲೇಡೀಸ್ ಡಬ್ಬಿಯಲ್ಲಿ ಹಿಡಿಸಿಬಿಡುವಷ್ಟು ಜನ. ಕ್ಲಿಂಡಾಮೈಸಿನ್ ಒಂದೇ ಕೊಟ್ಟರೂ, ಪೆನಿಸಿಲಿನ್ ಜೊತೆ ಕ್ಲೋರಂಫೆನಿಕಾಲ್ ಕೊಟ್ಟರೂ ಜ್ವರ ಇಳಿಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕ್ಲೋರಂಫೆನಿಕಾಲನ್ನು ಈ ಕೆಲಸಕ್ಕೆ ಇವತ್ತು ಯಾರು ಮುಟ್ಟುತ್ತಾರೆ?

ಹೃದಯದ ಔಷಧಿಗೆ, ಸಕ್ಕರೆ ಕಾಯಿಲೆಗೆ ಸಾವಿರಗಟ್ಟಲೆ ಜನರ ಮೇಲೆ ಪ್ರಯೋಗ ನಡೆಯುತ್ತವೆ. ಗರ್ಭಪಾತದ ಹೆಸರೆತ್ತಿದರೆ ಹಣ ಕೊಡುವವರೂ ಹಿಂದೆಗೆಯುತ್ತಾರೆ, ಹೆಸರು ಬರೆಸುವವರೂ ಹಿಂದೆಗೆಯುತ್ತಾರೆ.

ಸೋಂಕು ಬಾರದಂತೆ ತಡೆಯುವುದರ ಮೇಲೆ ಮಾತ್ರ ಈಚೆಗೆ ಒಂದು ದೊಡ್ಡ ಕೆಲಸ ಆಗಿದೆ. ಮಲಾವಿ, ಟಾಂಜಾನಿಯಾ, ಉಗಾಂಡ ಮತ್ತು ನಮ್ಮ ನೆರೆಯ ಪಾಕಿಸ್ತಾನದಲ್ಲಿ, ಗರ್ಭ ಹೋಗಿ ಕ್ಲೀನ್ ಮಾಡಿಸಿಕೊಳ್ಳಬೇಕಾಗಿ ಬಂದ 3,412 ಹೆಂಗಸರು ಅದರಲ್ಲಿದ್ದರು. ಅರ್ಧ ಜನಕ್ಕೆ ಶಸ್ತ್ರಕ್ರಿಯೆಗೆ ಮುಂಚೆ ಒಂದೇ ಒಂದು ಡೋಸ್: ಡಾಕ್ಸಿಸೈಕ್ಲಿನ್ 400, ಮೆಟ್ರೊನಿಡಜೋಲ್ 400 ಮಿಲಿಗ್ರಾಂ. ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. 2019ರಲ್ಲಿ ಫಲಿತಾಂಶ ಬಂತು. ಸೋಂಕು ಶೇ 5.3ರಿಂದ 4.1ಕ್ಕೆ ಇಳಿದಿತ್ತು. ಇದು ಆಕಸ್ಮಿಕವೂ ಇರಬಹುದು ಎಂಬ ಸಂಶಯಕ್ಕೆ ಇನ್ನೂ ಎಡೆಯಿತ್ತು. ಸೋಂಕನ್ನು ಕಟ್ಟುನಿಟ್ಟಾಗಿ ಅಳೆದಾಗ 2.6ರಿಂದ 1.5ಕ್ಕೆ. ಅಗ್ಗದ ಮಾತ್ರೆ, ಒಂದೇ ಸಲ.

2022ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಶಸ್ತ್ರಕ್ರಿಯೆಯಿಂದ ಗರ್ಭಪಾತ ಮಾಡುವಾಗ ಮುಂಚೆ ಅಥವಾ ಆ ಹೊತ್ತಿಗೆ ಆ್ಯಂಟಿಬಯಾಟಿಕ್ ಕೊಡಬೇಕು. ಬರೀ ಮಾತ್ರೆಯಿಂದ ಆಗುವ ಗರ್ಭಪಾತಕ್ಕೆ ಎಲ್ಲರಿಗೂ ಮುನ್ನೆಚ್ಚರಿಕೆಯೆಂದು ಕೊಡಬೇಕಿಲ್ಲ.

ನಮ್ಮಲ್ಲಿ ನಡೆಯುವುದು ಬಹಳ ಸಲ ಇದರ ಉಲ್ಟಾ. ಸೋಂಕಿನ ಸುಳಿವೂ ಇಲ್ಲದವರ ಚೀಟಿಯಲ್ಲಿ ಏಳು ದಿನದ ಕೋರ್ಸ್ ಇರುತ್ತದೆ. ನಿಜವಾಗಿ ನಂಜು ಏರಿದವರಿಗೆ ಮೆಡಿಕಲ್‌ನ ನಾಲ್ಕು ಮಾತ್ರೆ, ಅದೂ ನೆನಪಾದಾಗ. ಒಂದು ಡೋಸ್ ಸಾಕಾದಲ್ಲಿ ವಾರ, ಆರು ಗಂಟೆಗೊಮ್ಮೆ ಬೇಕಾದಲ್ಲಿ ದಿನಕ್ಕೊಂದು. ಎರಡೂ ತಪ್ಪು. ಎರಡನೆಯದು ಕೊಲ್ಲುತ್ತದೆ.

▌ಚೀಟಿಯ ಮೇಲಿನ 1-0-1

ಮನೆಗೆ ಕಳಿಸುವಾಗ ಸಾಮಾನ್ಯವಾಗಿ ಬರೆಯುವ ಎರಡು ಮಾತ್ರೆಗಳ ಕಥೆ:
ಡಾಕ್ಸಿಸೈಕ್ಲಿನ್ ಸುಮಾರು 18-22 ಗಂಟೆಗೆ ಅರ್ಧಕ್ಕಿಳಿಯುವ ನಿಧಾನಸ್ಥ. ಹಾಗಾಗಿ 1-0-1. ತುಂಬು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲವಾದರೆ ಅನ್ನನಾಳ ಸುಡುತ್ತದೆ. ರಕ್ತ ಹೋದವರಿಗೆ ಕಬ್ಬಿಣದ ಮಾತ್ರೆಯನ್ನೂ ಬರೆದಿರುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಡಾಕ್ಸಿಯನ್ನು ಹಿಡಿದು ಕಟ್ಟಿಹಾಕುತ್ತದೆ. ಎರಡು-ಮೂರು ಗಂಟೆ ಅಂತರವಿರಲಿ. ಹಾಲು, ಕ್ಯಾಲ್ಸಿಯಂ, ಆ್ಯಂಟಾಸಿಡ್‌ಗೂ ಇದೇ ಮಾತು.
ಮೆಟ್ರೊನಿಡಜೋಲ್ ಎಂಟು ಗಂಟೆಗೆ ಅರ್ಧ. ಹಾಗಾಗಿ 1-1-1. ಬೆಳಿಗ್ಗೆ 9, ಮಧ್ಯಾಹ್ನ 1, ರಾತ್ರಿ 8ಕ್ಕೆ ನುಂಗಿದರೆ ರಾತ್ರಿಯ ಬಿಡುವು 13 ಗಂಟೆ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದಿಟ್ಟುಕೊಂಡರೆ ಲೆಕ್ಕ ಸರಿ. ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ, ಹೆದರಬೇಕಿಲ್ಲ. ಮದ್ಯ ಕೂಡದು.

ಅದೇ ಡಾಕ್ಸಿಸೈಕ್ಲಿನ್ ಠಾಣೆ, ಮುಂಬಯಿಯ ಮನೆಗಳಿಗೆ ಇನ್ನೊಂದು ಕಾರಣಕ್ಕೆ ಪರಿಚಿತ. ನೆರೆ ನೀರಿನಲ್ಲಿ ನಡೆದು ಬಂದವರಿಗೆ ಲೆಪ್ಟೊ ಬಾರದಿರಲಿ ಎಂದು 200 ಮಿಲಿಗ್ರಾಂ ಒಂದು ಡೋಸ್ ಹಂಚುತ್ತಾರೆ. ಡ್ರಾಯರ್‌ನಲ್ಲಿ ಉಳಿದ ಆ ಒಂದೆರಡು ಮಾತ್ರೆ ಗರ್ಭಕೋಶದ ಜ್ವರಕ್ಕೂ ಆದೀತು ಎಂದು ನುಂಗುವವರಿದ್ದಾರೆ. ಆಗದು. ತಡೆಯುವ ಡೋಸ್ ಬೇರೆ, ಗುಣ ಮಾಡುವ ಡೋಸ್ ಬೇರೆ.

ಹೀಗೆ ಅರ್ಧಂಬರ್ಧ ನುಂಗಿದ್ದರ ದಂಡ ಆಸ್ಪತ್ರೆಯಲ್ಲಿ ಕಟ್ಟಬೇಕಾಗುತ್ತದೆ. ನಮ್ಮ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2016ರಲ್ಲಿ ಹೊರತಂದ ಆ್ಯಂಟಿಬಯಾಟಿಕ್ ಮಾರ್ಗಸೂಚಿ ಗರ್ಭಪಾತದ ನಂಜನ್ನು ಎರಡು ದಾರಿಯಾಗಿ ಒಡೆಯುತ್ತದೆ. ಮೊದಲು ಏನನ್ನೂ ತೆಗೆದುಕೊಳ್ಳದವರಿಗೆ ಆಂಪಿಸಿಲಿನ್, ಮೆಟ್ರೊನಿಡಜೋಲ್. ಅಲ್ಪಸ್ವಲ್ಪ ಆ್ಯಂಟಿಬಯಾಟಿಕ್ ನುಂಗಿ ಬಂದವರಿಗೆ ರಕ್ತದ ಕಲ್ಚರ್ ಕಳಿಸಿ ಪೈಪೆರಾಸಿಲಿನ್-ಟಾಜೊಬ್ಯಾಕ್ಟಮ್‌ನಂಥ ಭಾರಿ ಔಷಧಿ. ಮೆಡಿಕಲ್‌ನ ಆ ನಾಲ್ಕು ಮಾತ್ರೆ ಒಂದು ಮೆಟ್ಟಿಲು ಮೇಲೇರಿಸಿಬಿಟ್ಟಿತು, ಬಿಲ್ಲನ್ನೂ ಏರಿಸಿತು.

ನಮ್ಮ ಆಸ್ಪತ್ರೆಗಳ ಇ. ಕೋಲಿ ಮೂರನೇ ತಲೆಮಾರಿನ ಸೆಫಲೊಸ್ಪೊರಿನ್‌ಗಳಿಗೆ ಬಗ್ಗುವುದು ಕಡಿಮೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ವರ್ಷ ವರ್ಷವೂ ಎಚ್ಚರಿಸುತ್ತಿದೆ. ಗಾಲ್ವೆಯಲ್ಲಿ ಬೆಳಗಿನ ಔಷಧಿಯನ್ನು ಸೋಲಿಸಿದ್ದೂ ಇದೇ ತರಹದ ಇ. ಕೋಲಿ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1ರ ಪ್ರಕಾರ ಇಂಥ ಹಲವು ಆ್ಯಂಟಿಬಯಾಟಿಕ್‌ಗಳನ್ನು ಚೀಟಿ ನೋಡಿ, ರೋಗಿಯ, ಡಾಕ್ಟರ ಹೆಸರು ಬರೆದೇ ಕೊಡಬೇಕು. ಆ ವಹಿಯನ್ನು ಮೂರು ವರ್ಷ ಕಾಯ್ದಿಡಬೇಕು. ನಿಮ್ಮ ಓಣಿಯ ಮೆಡಿಕಲ್‌ನಲ್ಲಿ ಆ ವಹಿ ತೆರೆದದ್ದನ್ನು ನೀವು ಎಂದಾದರೂ ನೋಡಿದ್ದೀರಾ?

ಎಷ್ಟು ದಿನ ಎನ್ನುವ ಪ್ರಶ್ನೆಗೆ ಬರೋಣ. 'ಕೋರ್ಸ್ ಮುಗಿಸಿ' ಎಂಬುದನ್ನು ನಾವು ಶ್ಲೋಕದಂತೆ ಕಲಿತಿದ್ದೇವೆ. ಬಾಣಂತಿಯರ ಗರ್ಭಕೋಶ ಸೋಂಕಿನಲ್ಲಿ ಜ್ವರ ಬಿಟ್ಟು ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮಾತ್ರೆ ಮುಂದುವರಿಸಿದ್ದರಿಂದ ಲಾಭ ಕಾಣಲಿಲ್ಲ ಎಂದು ಮೂರು ಪ್ರಯೋಗಗಳು ಹೇಳಿವೆ. ಹೆರಿಗೆಯ ನಂತರದ ಮಾತನ್ನು ಗರ್ಭಪಾತದ ನಂಜಿಗೆ ಇದ್ದಂತೆ ಹೊಂದಿಸುವಂತಿಲ್ಲ. ರಕ್ತದಲ್ಲೇ ಬ್ಯಾಕ್ಟೀರಿಯಾ ಸಿಕ್ಕವರಿಗೆ, ಕ್ಲಮೈಡಿಯಾ ಇದ್ದವರಿಗೆ ದಿನ ಹೆಚ್ಚೇ ಬೇಕು. ನಿಲ್ಲಿಸುವ ದಿನವನ್ನು ವೈದ್ಯರು ಕಾರಣ ಸಮೇತ ಹೇಳಬೇಕು, ನೀವು ಕೇಳಬೇಕು. ಜ್ವರ ಬಿಟ್ಟಿತೆಂದು ಮನೆಯಲ್ಲೇ ಕೂತು ತೀರ್ಮಾನಿಸುವುದು ಬೇರೆ ಮಾತು, ಅದು ಬೇಡ. ಮೂರು ದಿನ ಸರಿಯಾಗಿ ಔಷಧಿ ಹೋದ ಮೇಲೂ ಜ್ವರ ಇಳಿಯದಿದ್ದರೆ ಇನ್ನೊಂದು ಆ್ಯಂಟಿಬಯಾಟಿಕ್ ಸೇರಿಸುವ ಮುಂಚೆ ಸೋನೋಗ್ರಫಿ ಮಾಡಿ, ಒಳಗೆ ಏನಾದರೂ ಉಳಿದಿದೆಯೇ, ಕೀವು ಕಟ್ಟಿದೆಯೇ ನೋಡಬೇಕು.

ಈ ಜಿಲ್ಲೆಯಲ್ಲಿ ಗಂಟೆಗಳನ್ನು ನುಂಗುವುದು ಇನ್ನೊಂದಿದೆ. ರಸ್ತೆ.

ಓಣಿಯ ನರ್ಸಿಂಗ್ ಹೋಮಿನವರು ಪರಿಸ್ಥಿತಿ ಕೈಮೀರಿತೆಂದು 'ದೊಡ್ಡ ಆಸ್ಪತ್ರೆಗೆ ಒಯ್ಯಿರಿ' ಎನ್ನುತ್ತಾರೆ. ಕಲ್ಯಾಣದಿಂದಾಗಲಿ ಡೊಂಬಿವಲಿಯಿಂದಾಗಲಿ ಕಲ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ನಕಾಶೆಯಲ್ಲಿ ಹತ್ತಿರ. ಸಂಜೆ ಶಿಲ್‌ಫಾಟಾದಲ್ಲಿ ಸಿಕ್ಕಿಬಿದ್ದವರಿಗೆ ಗೊತ್ತು ಎಷ್ಟು ಹತ್ತಿರವೆಂದು. ಘೋಡ್‌ಬಂದರ್ ರಸ್ತೆಯದೂ ಅದೇ ಪಾಡು. ರಕ್ತದೊತ್ತಡ ಕುಸಿದ ನಂಜಿನ ರೋಗಿಗಳಲ್ಲಿ ಸರಿಯಾದ ಆ್ಯಂಟಿಬಯಾಟಿಕ್ ತಡವಾದ ಪ್ರತಿ ಗಂಟೆಗೂ ಬದುಕುವ ಸಾಧ್ಯತೆ ಸರಾಸರಿ ಶೇ 7.6ರಷ್ಟು ಇಳಿಯಿತೆಂದು 2006ರ ಕೆನಡಾ-ಅಮೆರಿಕ ಅಧ್ಯಯನವೊಂದು ತೋರಿಸಿತು. ಶಿಲ್‌ಫಾಟಾದ ಒಂದು ಜಾಮ್‌ನಲ್ಲಿ ಅಂಥ ಎಷ್ಟು ಗಂಟೆಗಳಿರುತ್ತವೆ?

ಅದಕ್ಕೇ ಮೊದಲ ಡೋಸ್ ಕೊಟ್ಟು, ಸಲೈನ್ ಹಚ್ಚಿ, ಯಾವ ಔಷಧಿ ಎಷ್ಟು ಗಂಟೆಗೆ ಹೋಯಿತೆಂದು ಕಾಗದದಲ್ಲಿ ಬರೆದು ಕಳಿಸುವುದು ಸರಿಯಾದ ಕ್ರಮ. ಮಲಾವಿಯ ಆಸ್ಪತ್ರೆಗಳಲ್ಲಿ ತಾಯಂದಿರ ನಂಜಿಗೆ ಐದಂಶದ ಒಂದು ಪಟ್ಟಿ ಪರೀಕ್ಷಿಸಿದರು: ದ್ರವ, ಆ್ಯಂಟಿಬಯಾಟಿಕ್, ಸೋಂಕಿನ ಮೂಲ ತೆಗೆಯುವುದು, ಅಗತ್ಯವಿದ್ದರೆ ಸಾಗಿಸುವುದು, ಬಿಡದೆ ನಿಗಾ. ಸಾಗಿಸುವುದು ನಾಲ್ಕನೆಯದು. ನಮ್ಮಲ್ಲಿ ಅದೇ ಮೊದಲನೆಯದಾಗಿಬಿಡುತ್ತದೆ. ನಿಮ್ಮವರನ್ನು ಸಾಗಿಸುವಾಗ 'ಮೊದಲ ಇಂಜೆಕ್ಷನ್ ಕೊಟ್ಟಿದ್ದೀರಾ, ಎಷ್ಟು ಗಂಟೆಗೆ?' ಎಂದು ಕೇಳುವುದು ನಿಮ್ಮ ಹಕ್ಕು.

ಇಷ್ಟಾದರೂ ಮನೆಗಳು ಬಾಯಿಬಿಡುವುದಿಲ್ಲ. ಅಂಗಡಿಯಿಂದ ಗರ್ಭಪಾತದ ಮಾತ್ರೆಯ ಕಿಟ್ ತಂದು ನುಂಗಿದ್ದರೆ ಪೊಲೀಸರಿಗೆ ಹೋದೀತು ಎಂಬ ಹೆದರಿಕೆ. ತಾನಾಗಿ ಹೋಗಿದ್ದರೂ ಯಾರು ಏನೆಂದುಕೊಂಡಾರು ಎಂಬ ಮುಜುಗರ.

ಭಾರತದ ಗರ್ಭಪಾತ ಕಾನೂನಿನ ಹಿಂದೆ ಮಹಾರಾಷ್ಟ್ರದವರೊಬ್ಬರ ಹೆಸರಿದೆ. ಶುಚಿಯಿಲ್ಲದ, ಕದ್ದುಮುಚ್ಚಿದ ಗರ್ಭಪಾತಗಳಿಂದ ಹೆಂಗಸರು ಸಾಯುತ್ತಿದ್ದುದನ್ನು ನೋಡಿ 1964ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯ ಅಧ್ಯಕ್ಷರು ಮಹಾರಾಷ್ಟ್ರದ ಅಂದಿನ ಆರೋಗ್ಯ ಸಚಿವ ಶಾಂತಿಲಾಲ್ ಶಾ. ಅದರ ಫಲವೇ 1971ರ ಕಾಯ್ದೆ. ವಯಸ್ಕ ಹೆಣ್ಣಿಗೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. 2021ರ ತಿದ್ದುಪಡಿಯ 5ಎ ಕಲಂ ಪ್ರಕಾರ ಅವಳ ಹೆಸರು, ವಿವರ ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು. ತಾನಾಗಿ ಗರ್ಭ ಹೋದವರಿಗಂತೂ ಯಾವ ಕಾನೂನಿನ ಹಂಗೂ ಇಲ್ಲ. ಸವಿತಾ ಅವರಿಗೆ ಅಡ್ಡ ಬಂದ ಗೋಡೆ ನಮ್ಮ ದೇಶದಲ್ಲಿಲ್ಲ. ನಾವೇ ಕಟ್ಟಿಕೊಂಡ ಮೌನ ಮಾತ್ರ ಇದೆ.

ಆದ್ದರಿಂದ ಓದುಗರಲ್ಲಿ ಕೇಳುವುದಿಷ್ಟೇ. ಡೊಂಬಿವಲಿಯ ಶಾಸ್ತ್ರಿನಗರ, ಕಲ್ಯಾಣದ ರುಕ್ಮಿಣಿಬಾಯಿ, ಉಲ್ಲಾಸನಗರದ ಸೆಂಟ್ರಲ್, ವಾಶಿಯ ಪಾಲಿಕೆ ಆಸ್ಪತ್ರೆ, ಎಲ್ಲಿಗೇ ಹೋಗಿ, ಜ್ವರ ಎನ್ನುವ ಮುಂಚೆ ಗರ್ಭ ಹೋದದ್ದನ್ನು ಹೇಳಿ. ಯಾವ ದಿನ, ಎಷ್ಟನೇ ತಿಂಗಳು, ಕ್ಲೀನ್ ಮಾಡಿಸಿದ್ದಾರೆಯೇ, ಯಾವ ಮಾತ್ರೆ ನುಂಗಿದ್ದಾರೆ. ಖಾಲಿ ಸ್ಟ್ರಿಪ್ ಇದ್ದರೆ ಜೊತೆಗೆ ಒಯ್ಯಿರಿ. ಕನ್ನಡ ಬಾರದ ನರ್ಸ್‌ಗೆ 'ಗರ್ಭಪಾತ ಝಾಲಾ ಆಹೆ, ತಾಪ ಆಹೆ' ಎಂದರೆ ಸಾಕು, ಮುಂದಿನದು ಅವರಿಗೆ ಗೊತ್ತು. ಆಂಬುಲೆನ್ಸ್ ಬೇಕಾದರೆ 108. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ.